ಯಕೃತ್ತೋ, ಅಸ್ಥಿಯೋ? ರಕ್ತದ ಒಂದು ಕಿಣ್ವದ ವಿಚಾರ

ಕಳೆದ ವರ್ಷದ ಆಷಾಢಮಾಸದಲ್ಲಿ ನಮ್ಮ ಮನೆಗೆ ಒಂದು ಕಾಗದವು ಬಂದಿತು. ಕಾಗದವೆಂದರೆ ಬಂಧುಗಳ ಓಲೆಯಲ್ಲ. ನಮ್ಮ ಮನೆಯವರ ರಕ್ತಪರೀಕ್ಷೆಯ ವರದಿ. ಅದರಲ್ಲಿ ಇಪ್ಪತ್ತಕ್ಕೆ ಮೇಲ್ಪಟ್ಟು ಸಾಲುಗಳಿದ್ದುವು. ಅವುಗಳಲ್ಲಿ ಒಂದು ಸಾಲಿನ ಅಂಕಿ ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಆಲ್ಕಲೈನ್ ಫಾಸ್ಫಟೇಸ್, 412. ಮಗ್ಗುಲಲ್ಲಿಯೇ ಇರತಕ್ಕ ಮಿತಿಯು 40 ರಿಂದ 130 ಎಂದು ಕಾಣಿಸಿತ್ತು. ಆ ಸಾಲು ‘ಯಕೃತ್ತಿನ ಪರೀಕ್ಷೆಗಳು’ ಎಂಬ ತಲೆಬರಹದ ಕೆಳಗೆ ಇದ್ದಿತೆಂಬುದೊಂದೇ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಅನರ್ಥಕ್ಕೆ ಕಾರಣವಾಯಿತೆಂದರೆ ವಾಚಕರು ನಂಬಲಾರರು. ಆದರೆ ನಡೆದದ್ದು ಹಾಗೆಯೇ.

ನಮ್ಮ ಊರು ಕುದಾಪುರದ ಕಾವಲಿನ ಅಂಚಿನಿಂದ ಎರಡು ಮೈಲಿ. ಚಳ್ಳಕೆರೆ ಸೀಮೆಯನ್ನು ಬಲ್ಲವರಿಗೆ ಈ ಕಾವಲುಗಳ ಪರಿಚಯ ಹೇಳಬೇಕಾದುದಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರನ್ನು ಪಡೆಯಿತು. ಆ ದನಗಳ ಮೇವಿಗೆಂದು ಬಿಟ್ಟ ಹುಲ್ಲುಗಾವಲುಗಳು ಇವು. ಈಗ ಅದೇ ನೆಲದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಸುಮಾರು 1,500 ಎಕರೆಯಲ್ಲಿ ನಿಂತಿರುವುದು; ರಕ್ಷಣಾ ಇಲಾಖೆಯವರ ವಿಮಾನಪರೀಕ್ಷೆಯ ಬಯಲೂ 2017 ರಲ್ಲಿ ತೆರೆಯಿತು. ಕುರಿಗಾಹಿಗಳ ದಾರಿಗೆ ಗೋಡೆ ಎದ್ದ ಕಥೆ ಬೇರೆ. ಅದನ್ನು ಹೇಳಹೊರಟರೆ ಈ ಲೇಖನವು ಮುಗಿಯದು. ವಿಜ್ಞಾನ ಸಂಸ್ಥೆಯವರು ಅಲ್ಲಿ ಶಾಲಾಧ್ಯಾಪಕರಿಗೆ ತರಬೇತಿಯನ್ನೂ ಕೊಡುತ್ತಾರೆ. ನಮ್ಮೊಡನೆ ದುಡಿದ ಒಬ್ಬ ಕಿರಿಯ ವಿಜ್ಞಾನದ ಉಪಾಧ್ಯಾಯರು ಅಲ್ಲಿಗೆ ಹೋಗಿ ಬಂದವರು. ನಾವು ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತರಾದವರು. ಇಲ್ಲಿ ಬರೆಯುವ ಶಾಸ್ತ್ರಾಂಶದಲ್ಲಿ ಬಹುಭಾಗವು ಆ ಮಿತ್ರರಿಂದಲೂ, ಕಡೆಗೆ ದೊರೆತ ಒಬ್ಬ ವೈದ್ಯರಿಂದಲೂ ನಾವು ಕಲಿತದ್ದು.

ನಮ್ಮ ಮನೆಯವರಿಗೆ ಎರಡು ವರ್ಷದಿಂದ ಸೊಂಟದಲ್ಲಿಯೂ ತೊಡೆಗಳಲ್ಲಿಯೂ ನೋವು. ನೆಲದ ಮೇಲೆ ಕುಳಿತರೆ ಏಳುವುದಕ್ಕೆ ಕೈಯೂರಬೇಕು, ಹೊಸ್ತಿಲು ದಾಟುವಾಗ ಗೋಡೆ ಹಿಡಿಯಬೇಕು. ನಡಿಗೆಯು ಬಾತುಕೋಳಿಯಂತೆ ಆಚೀಚೆ ಒಲೆದಾಡತೊಡಗಿತು. ವಯಸ್ಸು ಐವತ್ತೇಳಾಯಿತು, ಇದು ವಾತವೆಂದು ನಾವೇ ತೀರ್ಮಾನಿಸಿ ಎಣ್ಣೆ ತಿಕ್ಕಿಸಿದೆವು. ಕೊನೆಗೆ ಒಂದು ಕಡೆಯಲ್ಲಿ ರಕ್ತವನ್ನು ಕೊಟ್ಟುಬಂದೆವು. ವರದಿಯನ್ನು ಕೈಗಿತ್ತವರು ದಪ್ಪಕ್ಷರದ ಅಂಕಿಯನ್ನು ನೋಡಿ, ‘ಲಿವರ್ ಕೆಟ್ಟಿದೆ, ಎಣ್ಣೆ ತುಪ್ಪ ನಿಲ್ಲಿಸಿ’ ಎಂದರು. ಅಷ್ಟೇ ಸಾಕಾಯಿತು. ಜನ್ಮದಲ್ಲಿ ಮದ್ಯದ ವಾಸನೆಯನ್ನೂ ಕಾಣದವರಿಗೆ ಯಕೃತ್ತಿನ ರೋಗವೆ ಎಂದು ನೆರೆಹೊರೆಯವರು ಬೆರಗಾದರು. ಕಾಮಾಲೆಗೆ ಬೇರು ಕೊಡುವವರನ್ನು ಯಾರೋ ಕರೆತಂದರು. ಹಾಲು ನಿಂತಿತು, ತುಪ್ಪ ನಿಂತಿತು, ಬಿಸಿಲಿಗೆ ಬರಬಾರದೆಂದು ಅಂಗಳವೂ ನಿಂತಿತು. ಒಳಮನೆಯ ಕತ್ತಲಲ್ಲಿ ಗಂಜಿ ಕುಡಿಯುತ್ತ ಅವರು ನಾಲ್ಕು ತಿಂಗಳು ಮಲಗಿದರು. ನೋವು ಇಮ್ಮಡಿಯಾಯಿತು. ಈ ತಪ್ಪಿನಲ್ಲಿ ದೊಡ್ಡ ಪಾಲು ನಮ್ಮದೆಂಬುದನ್ನು ಮುಚ್ಚಿಡತಕ್ಕದ್ದಲ್ಲ. ಕಾಗದದಲ್ಲಿ ಬರೆದದ್ದನ್ನು ಓದಬಲ್ಲೆವೆಂಬ ಹಮ್ಮು ನಮಗಿತ್ತು.

ಹಾಗಾದರೆ ಆ ಸಾಲಿನ ಅರ್ಥವೇನು?

‘ಎಂಜೈಮು’ ಎಂಬುದಕ್ಕೆ ಕನ್ನಡದಲ್ಲಿ ಕಿಣ್ವವೆಂದು ಹೇಳುತ್ತಾರಷ್ಟೆ. ಈ ಶಬ್ದವು ಹೊಸದಾಗಿ ಟಂಕಿಸಿದ್ದಲ್ಲ. ಅಮರಕೋಶದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುಳಿಯೇರಿಸುವ ಬೀಜದ್ರವ್ಯ. ದೇಹದಿಂದ ಚೈತನ್ಯವು ಹುಟ್ಟುವುದು ಕಿಣ್ವದಿಂದ ಮದಶಕ್ತಿ ಹುಟ್ಟಿದಂತೆ ಎಂದು ವಾದಿಸಿದ ಚಾರ್ವಾಕರ ದೃಷ್ಟಾಂತವನ್ನು ದರ್ಶನಶಾಸ್ತ್ರ ಓದಿದವರೆಲ್ಲರೂ ಬಲ್ಲರು. ವಿನೋದವೆಂದರೆ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ಕ್ಯೂನೆ ಎಂಬವರು ‘ಎಂಜೈಮು’ ಎಂಬ ಹೆಸರನ್ನು ಕಲ್ಪಿಸಿದಾಗ ಅವರು ಹಿಡಿದ ಗ್ರೀಕ್ ಶಬ್ದದ ಅರ್ಥವೂ ‘ಹುಳಿಯಲ್ಲಿರುವುದು’ ಎಂದೇ. ತಾನು ವೆಚ್ಚವಾಗದೆ ಇನ್ನೊಂದರ ಮಾರ್ಪಾಟನ್ನು ತ್ವರೆಗೊಳಿಸುವ ದ್ರವ್ಯವು ಕಿಣ್ವ. ನಮ್ಮ ಪ್ರಕೃತದ ಕಿಣ್ವದ ಕೆಲಸವು ಬಹು ಸರಳ: ಬೇರೆ ದ್ರವ್ಯಕ್ಕೆ ಅಂಟಿರುವ ಫಾಸ್ಫೇಟನ್ನು ಅದು ಕತ್ತರಿಸಿ ಬಿಡುಗಡೆ ಮಾಡುವುದು. ಕ್ಷಾರಗುಣವುಳ್ಳ ದ್ರವದಲ್ಲಿ ಅದರ ಚುರುಕು ಹೆಚ್ಚಾದುದರಿಂದ ಹೆಸರಿನಲ್ಲಿ ‘ಆಲ್ಕಲೈನ್’ ಸೇರಿತು. ನಾವು ಇಲ್ಲಿ ಕ್ಷಾರಕಿಣ್ವವೆಂದು ಕರೆಯೋಣ.

ಇದು ಎಲ್ಲಿಂದ ರಕ್ತಕ್ಕೆ ಬರುತ್ತದೆ ಎಂಬುದೇ ಮುಖ್ಯವಾದ ಪ್ರಶ್ನೆ. ಯಕೃತ್ತಿನಲ್ಲಿ ಪಿತ್ತರಸವು ಹರಿಯುವ ಸೂಕ್ಷ್ಮನಾಳಗಳ ಅಂಚಿನ ಕೋಶಗಳಲ್ಲಿ ಇದು ಇದೆ. ಮೂಳೆಯನ್ನು ಕಟ್ಟುವ ಕೋಶಗಳಲ್ಲಿ ಇದೆ. ಕರುಳಿನಲ್ಲಿಯೂ, ಗರ್ಭಿಣಿಯರ ಮಾಸುವಿನಲ್ಲಿಯೂ ಇದೆ. ಪ್ರಾಯದವರ ರಕ್ತದಲ್ಲಿರುವುದರಲ್ಲಿ ಬಹುಪಾಲು ಯಕೃತ್ತು ಮತ್ತು ಮೂಳೆ ಎಂಬ ಈ ಎರಡು ಮನೆಗಳಿಂದ ಬಂದದ್ದು. ಪರೀಕ್ಷಾಶಾಲೆಯ ಯಂತ್ರವು ಎರಡನ್ನೂ ಕೂಡಿಸಿ ಒಂದೇ ಅಂಕಿಯನ್ನು ಹೇಳುವುದು. ಎರಡು ಕೆರೆಗಳ ನೀರು ಒಂದೇ ಕಾಲುವೆಯಲ್ಲಿ ಬಂದರೆ, ಕಾಲುವೆ ತುಂಬಿದುದನ್ನು ಕಂಡು ಯಾವ ಕೆರೆ ಕೋಡಿ ಬಿದ್ದಿತೆಂದು ಹೇಳುವುದು ಹೇಗೆ? ತಲೆಬರಹದಲ್ಲಿ ಯಕೃತ್ತಿನ ಹೆಸರೊಂದೇ ಇದ್ದುದರಿಂದ ನಾವು ಮತ್ತೊಂದು ಕೆರೆಯ ಕಡೆಗೆ ನೋಡಲೇ ಇಲ್ಲ.

ಚರಿತ್ರೆಯನ್ನು ನೋಡಿದರೆ ಮೊದಲು ಖ್ಯಾತಿಗೆ ಬಂದದ್ದು ಮೂಳೆಯೇ. 1923 ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ ಎಂಬವರು, ಎಳೆಯ ಪ್ರಾಣಿಗಳ ಮೂಳೆಯಲ್ಲಿ ಇಂತಹ ಕಿಣ್ವವೊಂದು ಇದ್ದು, ಫಾಸ್ಫೇಟನ್ನು ಬಿಡಿಸಿಕೊಟ್ಟು ಸುಣ್ಣಾಂಶವು ಮೂಳೆಯಲ್ಲಿ ನೆಲೆಗೊಳ್ಳುವುದಕ್ಕೆ ಸಹಾಯ ಮಾಡುತ್ತದೆಂದು ತೋರಿಸಿದರು. ಕಾಮಾಲೆಯಲ್ಲಿ, ಅದರಲ್ಲಿಯೂ ಪಿತ್ತಮಾರ್ಗವು ಕಟ್ಟಿಕೊಂಡ ಕಾಮಾಲೆಯಲ್ಲಿ, ಈ ಕಿಣ್ವವು ರಕ್ತದಲ್ಲಿ ಏರುವುದೆಂದು ತಿಳಿದದ್ದು 1930 ರ ಸುಮಾರಿಗೆ. ಆ ದಶಕದಲ್ಲಿಯೇ ಅಳೆಯುವ ಕ್ರಮಗಳು ಹಲವು ಹುಟ್ಟಿದುವು. ಒಂದೊಂದಕ್ಕೂ ಅದರದೇ ಏಕಮಾನ. ನಮ್ಮ ತೀರ್ಥರೂಪರ ಹಳೆಯ ಕಾಗದಗಳ ನಡುವೆ ಇದೇ ಪರೀಕ್ಷೆಯ ಒಂದು ಚೀಟಿ ಸಿಕ್ಕಿತು; ಅದರಲ್ಲಿ ‘11 ಕಿಂಗ್-ಆರ್ಮ್‌ಸ್ಟ್ರಾಂಗ್’ ಎಂದಿದೆ. ಆ ಕ್ರಮದಲ್ಲಿ 3 ರಿಂದ 13 ರ ವರೆಗೆ ಸಹಜ. ತಂದೆಯ ಹನ್ನೊಂದಕ್ಕೂ ಇಂದಿನ ನೂರಕ್ಕೂ ಹೋಲಿಕೆ ಮಾಡಿ ಹೆದರುವುದು, ಸೇರಿನ ಲೆಕ್ಕವನ್ನೂ ಕಿಲೋಗ್ರಾಮಿನ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಂತೆ.

ಈಗ ಅಳೆಯುವ ರೀತಿಯು ಕಣ್ಣಿಗೆ ಸೊಗಸಾದುದು. ರಕ್ತವು ಹೆಪ್ಪಾದ ಮೇಲೆ ಉಳಿಯುವ ತಿಳಿಯನ್ನು, ಕ್ಷಾರದ್ರವದಲ್ಲಿ ಕರಗಿಸಿದ ಪ್ಯಾರಾ ನೈಟ್ರೋಫಿನೈಲ್ ಫಾಸ್ಫೇಟ್ ಎಂಬ ಬಣ್ಣವಿಲ್ಲದ ದ್ರವ್ಯದೊಡನೆ ಬೆರೆಸುತ್ತಾರೆ. ಕಿಣ್ವವು ಫಾಸ್ಫೇಟನ್ನು ಕತ್ತರಿಸಿದಂತೆಲ್ಲ ದ್ರವವು ಹಳದಿಯಾಗುತ್ತ ಬರುವುದು. ಎಷ್ಟು ವೇಗವಾಗಿ ಹಳದಿಯಾಯಿತೆಂಬುದೇ ಅಂಕಿ. ಬೆಸ್ಸಿ, ಲೌರಿ, ಬ್ರಾಕ್ ಎಂಬ ಮೂವರು 1946 ರಲ್ಲಿ ಈ ಕ್ರಮವನ್ನು ಬಳಕೆಗೆ ತಂದರು. ಇಂದಿನ ಯಂತ್ರಗಳು ಮಾಡುವುದೂ ತತ್ತ್ವತಃ ಇದನ್ನೇ.

ಗೃಹಿಣಿಯರಿಗೆ ಸ್ವಾರಸ್ಯವೆನಿಸಬಹುದಾದ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇವೆ. ಹಸುವಿನ ಹಸಿಹಾಲಿನಲ್ಲಿಯೂ ಈ ಕ್ಷಾರಕಿಣ್ವ ಉಂಟು. ಹಾಲನ್ನು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಹಿಡಿದರೆ ಕ್ಷಯರೋಗದ ಕ್ರಿಮಿಯು ಸಾಯುವುದು. ಕಿಣ್ವವು ಆ ಕ್ರಿಮಿಗಿಂತ ಸ್ವಲ್ಪ ಗಟ್ಟಿ, ಆದರೂ ಅದೇ ಶಾಖದಲ್ಲಿ ನಾಶವಾಗುವುದು. ಆದಕಾರಣ ಡೈರಿಯವರು ಹಾಲಿನಲ್ಲಿ ಕಿಣ್ವವು ಉಳಿದಿದೆಯೆ ಎಂದು ನೋಡುತ್ತಾರೆ. ಉಳಿದಿಲ್ಲವಾದರೆ ಹಾಲು ಸರಿಯಾಗಿ ಕಾಯ್ದಿದೆ ಎಂದರ್ಥ. ಕೇ ಮತ್ತು ಗ್ರಹಾಂ ಎಂಬವರು 1930 ರ ದಶಕದಲ್ಲಿ ಕಂಡುಹಿಡಿದ ಉಪಾಯವಿದು.

ಪ್ರಕೃತಕ್ಕೆ ಬರೋಣ. ಯಕೃತ್ತಿನ ಕಡೆಯಿಂದ ಈ ಅಂಕಿ ಬಹಳವಾಗಿ ಏರುವುದು ಮುಖ್ಯವಾಗಿ ಪಿತ್ತದ ಹರಿವು ತಡೆದಾಗ: ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ, ಗಂಟು ಬೆಳೆದು ಒತ್ತಿದರೆ, ಕೆಲವು ಔಷಧಗಳಿಂದ ಒಳನಾಳಗಳೇ ಜಡವಾದರೆ. ಹಿಂದೆ ಸರಿದ ಪಿತ್ತದ ಒತ್ತಡದಲ್ಲಿ ಆ ಕೋಶಗಳು ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಚೆಲ್ಲುವುವು. ಇಲ್ಲಿ ನಮಗೆ ಚರಕಸಂಹಿತೆಯ ನೆನಪಾಯಿತು. ಅದರ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗದ ಅಧ್ಯಾಯದೊಳಗೆ, ಎಳ್ಳುಹಿಟ್ಟಿನಂತೆ ಬಿಳಿಚಿದ ಮಲವನ್ನು ಬಿಡುವ ಕಾಮಾಲೆರೋಗಿಯ ವರ್ಣನೆ ಬರುತ್ತದೆ. ಕಫದಿಂದ ಪಿತ್ತದ ಮಾರ್ಗವು ರುದ್ಧವಾದುದೇ ಅದಕ್ಕೆ ಕಾರಣವೆಂದೂ, ಅದರ ಚಿಕಿತ್ಸಾಕ್ರಮವೇ ಬೇರೆಯೆಂದೂ ಹೇಳಿದೆ. ಮಲವು ಬಿಳಿಚುವುದು ಪಿತ್ತವು ಕರುಳಿಗೆ ಇಳಿಯದುದರಿಂದ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಸಾರುವ ಪಂಗಡಕ್ಕೆ ನಾವು ಸೇರಿದವರಲ್ಲ. ಕಿಣ್ವವನ್ನು ಅವರು ಅರಿತಿರಲಿಲ್ಲ. ಆದರೆ ಎರಡು ಬಗೆಯ ಕಾಮಾಲೆಯನ್ನು ಬೇರ್ಪಡಿಸಿ ನೋಡಿದ ಅವರ ಕಣ್ಣು ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲವೆಂಬುದು ದಿಟ. ನಮ್ಮ ಮನೆಯವರ ಕಣ್ಣು ಹಳದಿಯಾಗಿರಲಿಲ್ಲ, ಮಲ ಬಿಳಿಚಿರಲಿಲ್ಲ, ಮೈ ತುರಿಸಿರಲಿಲ್ಲ. ವರದಿಯಲ್ಲಿ ಬಿಲಿರುಬಿನ್ ಮೊದಲಾದ ಯಕೃತ್ತಿನ ಉಳಿದ ಅಂಕಿಗಳೆಲ್ಲ ಮಿತಿಯೊಳಗೆಯೇ ಇದ್ದುವು. ಅಪರಾಧಿಯನ್ನು ಹಿಡಿಯಲು ಹೊರಟವರು ಸಾಕ್ಷಿಗಳನ್ನು ವಿಚಾರಿಸಲೇ ಇಲ್ಲ.

ಕಾರ್ತಿಕದಲ್ಲಿ ನಮ್ಮ ಮಗನು ಬಂದು ಅವರನ್ನು ಪಟ್ಟಣದ ವೈದ್ಯರೊಬ್ಬರ ಬಳಿಗೆ ಕರೆದೊಯ್ದನು. ಆ ವೈದ್ಯರು ಮೊದಲು ಕೇಳಿದ ಪ್ರಶ್ನೆ ಅನ್ನದ ವಿಚಾರವಲ್ಲ: ‘ನೆಲದಿಂದ ಎದ್ದು ತೋರಿಸಿ, ತಾಯಿ.’ ಅವರು ಏಳಲಾರದುದನ್ನು ಕಂಡು ಮತ್ತೊಂದು ಕಿಣ್ವದ ಪರೀಕ್ಷೆಗೆ ಬರೆದುಕೊಟ್ಟರು. ಗಾಮಾ ಗ್ಲುಟಾಮಿಲ್ ಟ್ರಾನ್ಸ್‌ಫರೇಸ್ ಎಂಬ ಈ ಕಿಣ್ವವು ಪಿತ್ತಮಾರ್ಗ ಕೆಟ್ಟರೆ ಏರುವುದು, ಮೂಳೆಯ ರೋಗದಲ್ಲಿ ಏರದು. ಆದ್ದರಿಂದ ಎರಡೂ ಏರಿದ್ದರೆ ಸಂಶಯವು ಯಕೃತ್ತಿನ ಮೇಲೆ. ಕ್ಷಾರಕಿಣ್ವವೊಂದೇ ಏರಿ ಇದು ನೆಟ್ಟಗಿದ್ದರೆ ಮೂಳೆಯ ಮೇಲೆ. ಹಿಂದಿನ ಕಾಲದಲ್ಲಿ ರಕ್ತದ ತಿಳಿಯನ್ನು 56 ಡಿಗ್ರಿ ಶಾಖದಲ್ಲಿ ಹತ್ತು ನಿಮಿಷ ಇಟ್ಟು ನೋಡುತ್ತಿದ್ದರಂತೆ. ಮೂಳೆಯ ಕಿಣ್ವವು ಹೆಚ್ಚಾಗಿ ನಾಶವಾಗುವುದು, ಯಕೃತ್ತಿನದು ಅಷ್ಟಾಗಿ ಆಗದು. ನಮ್ಮ ಮನೆಯವರ ಗಾಮಾ ಕಿಣ್ವವು ನೆಟ್ಟಗಿತ್ತು. ವಿಟಮಿನ್ ಡಿ ಅತ್ಯಂತ ಕಡಮೆಯಿತ್ತು. ಕ್ಷಕಿರಣದ ಚಿತ್ರದಲ್ಲಿ ತೊಡೆಯ ಮೂಳೆಯ ಮೇಲ್ಭಾಗದಲ್ಲಿ ಕೂದಲಿನಷ್ಟು ಒಂದು ಬಿರುಕು.

ಇದಕ್ಕೆ ಅಸ್ಥಿಮಾರ್ದವವೆಂದು ಹೆಸರು. ಮಕ್ಕಳಲ್ಲಿ ಬಂದರೆ ರಿಕೆಟ್ಸ್ ಎನ್ನುತ್ತಾರೆ. ಮೂಳೆಯ ಹಂದರವಿದೆ, ಅದಕ್ಕೆ ತುಂಬಬೇಕಾದ ಸುಣ್ಣಾಂಶವಿಲ್ಲ. ಕಟ್ಟುವ ಕೋಶಗಳು ಎಷ್ಟು ಹೆಣಗಿದರೂ ಗೋಡೆ ಒಣಗುವುದಿಲ್ಲ. ಹೆಣಗಿದಷ್ಟೂ ಕಿಣ್ವವು ರಕ್ತಕ್ಕೆ ಬರುತ್ತಿರುವುದು. ಅಂಕಿಯು ಏರಿದ್ದು ಆ ಹೆಣಗಾಟದ ಸದ್ದು. ನಾವು ಮಾಡಿದ್ದೇನು? ಹಾಲನ್ನು ನಿಲ್ಲಿಸಿ ಸುಣ್ಣಾಂಶವನ್ನು ತಡೆದೆವು. ಬಿಸಿಲನ್ನು ನಿಲ್ಲಿಸಿ ವಿಟಮಿನನ್ನು ತಡೆದೆವು. ರೋಗಕ್ಕೆ ನಾವೇ ಪಥ್ಯ ಮಾಡಿ ಬಡಿಸಿದೆವು.

ಒಂದು ಎಚ್ಚರ. ವೃದ್ಧಾಪ್ಯದಲ್ಲಿ ಮೂಳೆಯು ಟೊಳ್ಳಾಗುವ ಸಾಮಾನ್ಯರೋಗದಲ್ಲಿ ಈ ಅಂಕಿ ಸಾಧಾರಣವಾಗಿ ಏರುವುದಿಲ್ಲ. ಅಂಕಿ ಸರಿಯಿದ್ದ ಮಾತ್ರಕ್ಕೆ ಮೂಳೆ ಗಟ್ಟಿಯೆಂದು ತಿಳಿಯಬಾರದು. ಇನ್ನು ಬೆಳೆಯುವ ಮಕ್ಕಳಲ್ಲಿ ಪ್ರಾಯದವರ ಎರಡರಷ್ಟು ಮೂರರಷ್ಟು ಇರುವುದೇ ಸಹಜ. ನಮ್ಮ ಹನ್ನೆರಡು ವರ್ಷದ ಮೊಮ್ಮಗನ ವರದಿಯಲ್ಲಿಯೂ 340 ಎಂದು ದಪ್ಪಕ್ಷರದಲ್ಲಿ ಬಂದಿತ್ತು. ಪಕ್ಕದಲ್ಲಿ ಅಚ್ಚಾದ ಮಿತಿ ದೊಡ್ಡವರದು. ಹುಡುಗನು ಆ ವರ್ಷ ಮೂರು ಅಂಗುಲ ಬೆಳೆದಿದ್ದನು, ಬೇರೇನೂ ಇಲ್ಲ. ತುಂಬುಗರ್ಭಿಣಿಯರಲ್ಲಿಯೂ, ಮುರಿದ ಮೂಳೆ ಕೂಡುತ್ತಿರುವವರಲ್ಲಿಯೂ ಹೀಗೆಯೇ. ಓ ಮತ್ತು ಬಿ ರಕ್ತವರ್ಗದ ಅನೇಕರಲ್ಲಿ ತುಪ್ಪದ ಊಟವಾದ ಮೇಲೆ ಕರುಳಿನ ಕಿಣ್ವವು ರಕ್ತಕ್ಕೆ ಇಳಿಯುವುದರಿಂದ, ಹೋಳಿಗೆ ಉಂಡು ರಕ್ತ ಕೊಡಲು ಹೋಗಬಾರದು. ತದ್ವಿರುದ್ಧವಾಗಿ, ನೇರಳೆ ಮುಚ್ಚಳದ ಕೊಳವೆಯಲ್ಲಿ ತೆಗೆದ ರಕ್ತದಲ್ಲಿ ಅಂಕಿ ಸುಳ್ಳಾಗಿ ಕುಸಿಯುವುದು. ಆ ಕೊಳವೆಯಲ್ಲಿರುವ ದ್ರವ್ಯವು ಕಿಣ್ವಕ್ಕೆ ಜೀವವಾದ ಸತುವನ್ನೂ ಮೆಗ್ನೀಸಿಯಮ್ಮನ್ನೂ ಹಿಡಿದುಬಿಡುವುದೇ ಕಾರಣ. ನಿಜವಾಗಿಯೇ ಹುಟ್ಟಿನಿಂದ ಈ ಕಿಣ್ವವು ಕಡಮೆಯಿರುವ, ಮೂಳೆ ಕೂಡದ ಅಪರೂಪದ ರೋಗವೊಂದನ್ನು 1948 ರಲ್ಲಿ ಕೆನಡಾದ ರಾತ್‌ಬನ್ ಎಂಬ ವೈದ್ಯರು ವರ್ಣಿಸಿದರು.

ವೈದ್ಯರು ಕೇಳಿದ ಎರಡನೆಯ ಪ್ರಶ್ನೆ, ‘ನಿಮ್ಮ ಮನೆಯ ನೀರು ಯಾವುದು?’ ಎಂದು. ನಮ್ಮ ಸೀಮೆಯಲ್ಲಿ ಇದು ದೊಡ್ಡ ಪ್ರಶ್ನೆ. ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಮೊಳಕಾಲ್ಮೂರೂ ಸೇರಿವೆ. ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ನೂರಾರು ಅಡಿ ಕೆಳಗಿಳಿದುವು. ಕಗ್ಗಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 1.5 ರ ವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಕುಡಿಯುವ ನೀರಿನ ನಿಯಮ. ಇಲ್ಲಿಯ ಅನೇಕ ಕೊಳವೆಬಾವಿಗಳು ಅದನ್ನು ಮೀರಿವೆ. ಎಳವೆಯಲ್ಲಿ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದುಗೆರೆ ಮೂಡುವುದು. ನಾವು ಪಾಠ ಹೇಳಿದ ತರಗತಿಗಳಲ್ಲಿ ಅಂತಹ ಹಲ್ಲುಗಳನ್ನು ಕಾಣದ ವರ್ಷವಿರಲಿಲ್ಲ, ಆದರೂ ಹುಡುಗರು ಹಲ್ಲುಜ್ಜುವುದಿಲ್ಲವೆಂದು ಗದರಿದ್ದೇವೆ. ಈಗ ನೆನೆದರೆ ನಾಚಿಕೆಯಾಗುವುದು.

ಬಹುಕಾಲ ಕುಡಿದ ಮೇಲೆ ಮೂಳೆಗೆ ಹತ್ತುವುದು. ಫ್ಲೋರೈಡು ಮೂಳೆಕಟ್ಟುವ ಕೋಶಗಳನ್ನು ಕೆರಳಿಸುವುದರಿಂದ ಕ್ಷಾರಕಿಣ್ವವು ರಕ್ತದಲ್ಲಿ ಏರುವುದುಂಟು. ಮೂಳೆ ದಪ್ಪವಾದರೂ ಪೆಡಸು. ಸ್ನಾಯುಬಂಧಗಳಿಗೆ ಸುಣ್ಣ ಹತ್ತಿ ಬೆನ್ನು ಬಿಗಿಯುವುದು. ಆಹಾರದಲ್ಲಿ ಸುಣ್ಣಾಂಶ ಕಡಮೆಯಾದವರಲ್ಲಿ ಇದರೊಡನೆ ಅಸ್ಥಿಮಾರ್ದವವೂ ಸೇರಬಹುದು. ಭಾರತದಲ್ಲಿ ಈ ರೋಗವು ವೈದ್ಯಪತ್ರಿಕೆಗೆ ಬಂದದ್ದು 1937 ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. 1973 ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಅದೇ ನೀರಿನ ಸೀಮೆಗಳ ಹುಡುಗರಲ್ಲಿ ಮೊಣಕಾಲು ಒಳಕ್ಕೆ ಬಾಗುವುದನ್ನು ವರ್ಣಿಸಿದರು. ಕೇಂದ್ರಸರ್ಕಾರದ ಫ್ಲೋರೋಸಿಸ್ ನಿವಾರಣ ಕಾರ್ಯಕ್ರಮವು 2008-09 ರಲ್ಲಿ ಆರಂಭವಾಯಿತು. ರಕ್ತದ ಅಂಕಿಯೊಂದರಿಂದ ಫ್ಲೋರೈಡಿನ ರೋಗವನ್ನು ನಿರ್ಣಯಿಸಲಾಗದು. ನೀರನ್ನೂ ಮೂತ್ರವನ್ನೂ ಅಳೆದು, ಮುಂಗೈಯ ಕ್ಷಕಿರಣಚಿತ್ರವನ್ನು ನೋಡಿ ಹೇಳಬೇಕು.

ನಮ್ಮ ಮನೆಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ಅದು ಮಿತಿಗಿಂತ ಮೇಲಿತ್ತು. ಊರಿನಲ್ಲಿ ಶುದ್ಧನೀರಿನ ಘಟಕ ಉಂಟು, ಕುಡಿಯುವುದಕ್ಕೆ ಅಲ್ಲಿಂದಲೇ ಕ್ಯಾನು ತರುತ್ತಿದ್ದೆವು. ಆದರೆ ಮುದ್ದೆಗೆ ಎಸರಿಡುವ ನೀರು, ಸಾರಿನ ನೀರು, ಕಾಫಿಯ ನೀರು ಎಲ್ಲವೂ ಕೊಳವೆಬಾವಿಯದೇ. ಕುದಿಸಿದರೆ ದೋಷ ಹೋಗುವುದೆಂದು ನಂಬಿದ್ದೆವು. ಕುದಿಸಿದರೆ ಕ್ರಿಮಿಯು ಸಾಯುವುದು, ಫ್ಲೋರೈಡು ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದು ಹೆಚ್ಚುವುದು. ಈಗ ಅಡುಗೆಗೂ ಕ್ಯಾನಿನ ನೀರೇ. ಸೊಸೆಯು ದಿನಕ್ಕೆ ಎರಡು ಬಾರಿ ತರಬೇಕಾಗಿದೆಯೆಂದು ಗೊಣಗುವುದರಲ್ಲಿ ನ್ಯಾಯವಿದೆ. ಒಂದು ಬಾರಿ ನಾವು ತರತೊಡಗಿದ್ದೇವೆ.

ವಾರಕ್ಕೊಂದರಂತೆ ವಿಟಮಿನಿನ ಮಾತ್ರೆ, ಸುಣ್ಣಾಂಶದ ಮಾತ್ರೆ, ಹಾಲು, ರಾಗಿ, ಬೆಳಗಿನ ಹೊತ್ತು ಏರಿದ ಮೇಲೆ ಅಂಗಳದ ಬಿಸಿಲು. ಮೊದಲ ತಿಂಗಳಿನ ಅನಂತರ ಮತ್ತೆ ಪರೀಕ್ಷಿಸಿದರೆ ಅಂಕಿ 430 ಕ್ಕೆ ಏರಿತ್ತು! ಮನೆಯಲ್ಲಿ ಮತ್ತೆ ಗುಸುಗುಸು. ವೈದ್ಯರು ನಕ್ಕು, ‘ಈಗ ಗಾರೆಯವರಿಗೆ ಸುಣ್ಣ ಬಂದಿದೆ, ಕೆಲಸ ಜೋರಾಗಿದೆ, ಇಳಿಯಲು ತಿಂಗಳುಗಳು ಬೇಕು’ ಎಂದರು. ನೋವು ಮಾತ್ರ ಅಂಕಿಗಿಂತ ಮೊದಲೇ ಇಳಿಯಿತು. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ತೇರಿಗೆ ಅವರು ಕೋಲು ಹಿಡಿದು ಬಂದರು. ಜನಸಂದಣಿಯಿಂದ ದೂರ, ಒಂದು ಬೇವಿನ ಮರದಡಿ ನೆಲದ ಮೇಲೆ ಕುಳಿತು ಬುತ್ತಿ ಬಿಚ್ಚಿದರು. ಊಟವಾದ ಮೇಲೆ ನಾವು ಕೈಕೊಡಲು ಬಗ್ಗುವಷ್ಟರಲ್ಲಿ, ಮೊಣಕಾಲಿಗೆ ಕೈಯೂರಿ ತಾವೇ ಎದ್ದುನಿಂತರು. ಆಗಿನ ಅಂಕಿ 236. ಮುಂದಿನ ಪರೀಕ್ಷೆ ಜ್ಯೇಷ್ಠದಲ್ಲಿ.